ಡೈಎಲೆಕ್ಟ್ರಿಕ್ ಸ್ಥಿರಾಂಕ 1700, ಡಿ33 ಮಾತ್ರ ಬರೀ 3: ನನ್ನ ಬೇರಿಯಂ ಟೈಟನೇಟ್ ಪೆಲೆಟ್‌ಗೆ ಏನಾಗಿದೆ?

ಬಿಳಿ ಪೆಲೆಟ್
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮ ಲ್ಯಾಬಿನಲ್ಲಿ ಈ ಕೆಲಸ ಮಾಡಿದ ಸೀನಿಯರ್ ಯಾರೂ ಈಗ ಇಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಬೇರಿಯಂ ಕಾರ್ಬೊನೇಟ್, ಟೈಟಾನಿಯಂ ಡೈಆಕ್ಸೈಡ್ ಎರಡನ್ನೂ ಸಮ ಮೋಲ್ ತೂಗಿ, ಅಗೇಟ್ ಮಾರ್ಟರ್‌ನಲ್ಲಿ ಕೈ ಸೋಲುವ ತನಕ ಅರೆದೆ. 1100 ಡಿಗ್ರಿಯಲ್ಲಿ ಕ್ಯಾಲ್ಸೈನ್ ಮಾಡಿದೆ. ಮತ್ತೆ ಅರೆದು, ಪಿವಿಎ ಬೆರೆಸಿ, ಪ್ರೆಸ್‌ನಲ್ಲಿ ಒತ್ತಿ, 1300 ಡಿಗ್ರಿಯಲ್ಲಿ 4 ಗಂಟೆ ಸುಟ್ಟೆ. ಸಾಂದ್ರತೆ 5.6 ಬಂತು, ಅಂದರೆ ಬರಬೇಕಾದ 6.02ರಲ್ಲಿ ಶೇ. 93. ಎಕ್ಸ್‌ಆರ್‌ಡಿಯಲ್ಲಿ 45 ಡಿಗ್ರಿ ಹತ್ತಿರದ ಜೋಡಿ ಗೆರೆ ಬೇರೆಬೇರೆಯಾಗಿಯೇ ಕಾಣುತ್ತದೆ, ಹಾಗಾಗಿ ಪೆರೋವ್‌ಸ್ಕೈಟ್ ರಚನೆ ಟೆಟ್ರಾಗೋನಲ್ (ಒಂದು ಬದಿ ಚೂರು ಉದ್ದ) ಆಗಿದೆ.

ಪೆಲೆಟ್ ಅಗಲ 10 ಮಿಮೀ, ದಪ್ಪ 1.2 ಮಿಮೀ. ಎರಡೂ ಕಡೆ ಸಿಲ್ವರ್ ಪೇಸ್ಟ್. ಎಲ್‌ಸಿಆರ್ ಮೀಟರ್‌ನಲ್ಲಿ 1 ಕಿಲೋಹರ್ಟ್ಸ್‌ಗೆ 985 ಪಿಕೋಫ್ಯಾರಡ್. ಲೆಕ್ಕ ಹಾಕಿದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ನಿರ್ವಾತಕ್ಕಿಂತ ಎಷ್ಟು ಪಟ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದು, 1700. ಲಾಸ್ (ಶಾಖವಾಗಿ ಪೋಲಾಗುವ ಪಾಲು) 0.018. ಇಷ್ಟಕ್ಕೇ ಖುಷಿಯಾಗಿ ಗೆಳತಿಯರಿಗೆ ಕಾಫಿ ಕೊಡಿಸಿದ್ದೆ.

ಆಮೇಲೆ ಬಿಸಿ ಸಿಲಿಕೋನ್ ಎಣ್ಣೆಯಲ್ಲಿ ಪೋಲಿಂಗ್ ಮಾಡಿ (ಹೆಚ್ಚು ವೋಲ್ಟೇಜ್ ಕೊಟ್ಟು ಒಳಗಿನ ಧ್ರುವಗಳನ್ನು ಒಂದೇ ಕಡೆ ತಿರುಗಿಸಿ) ಡಿ33 ಮೀಟರ್‌ಗೆ ಇಟ್ಟೆ. ಡಿ33 ಅಂದರೆ ಪೀಜೋ ಗುಣದ ಅಳತೆ: ಒಂದು ನ್ಯೂಟನ್ ಒತ್ತಿದರೆ ಎಷ್ಟು ಪಿಕೋಕೂಲಂಬ್ ಚಾರ್ಜ್ ಹುಟ್ಟುತ್ತದೆ ಅಂತ. 3 ಬಂತು. 190 ಬರಬೇಕಾದ ಕಡೆ 3! ಗೈಡ್ ನೋಡಿ ಸುಮ್ಮನೆ ಎದ್ದು ಹೋದರು.

ಸಾಲ್ಡರ್ ಹೊಗೆ
ಪೇಸ್ಟ್ ಸರಿಯಾಗಿ ಕಚ್ಚಿಲ್ಲ ಅನಿಸುತ್ತದೆ. ಒಣಗಿಸಿ ಬಿಟ್ಟಿರಾ ಅಥವಾ ಸುಟ್ಟಿರಾ?

ಕುಲುಮೆ ಕಾವಲು
ಪೇಸ್ಟ್ ಸರಿ ಇಲ್ಲದಿದ್ದರೆ 985 ಪಿಕೋಫ್ಯಾರಡ್ ಕೂಡ ಬರುತ್ತಿರಲಿಲ್ಲ. ನಡುವೆ ಗಾಳಿ ಪದರ ಇದ್ದರೆ ಮೊದಲು ಬೀಳುವುದೇ ಕೆಪಾಸಿಟಿ. ಪೆಲೆಟ್ ಚೆನ್ನಾಗಿದೆ ತಂಗಿ, ಅಳಬೇಡ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಈ ಎರಡು ಅಳತೆ ಕೇಳುವ ಪ್ರಶ್ನೆಯೇ ಬೇರೆ. ಡೈಎಲೆಕ್ಟ್ರಿಕ್ ಅಳತೆಗೆ ಒಳಗಿನ ಡೊಮೈನ್‌ಗಳು (ಒಂದೇ ದಿಕ್ಕಿಗೆ ಧ್ರುವ ಇರುವ ಪುಟ್ಟ ವಲಯಗಳು) ಯಾವ ಕಡೆ ಮುಖ ಮಾಡಿದರೂ ಪರವಾಗಿಲ್ಲ. ಫೀಲ್ಡ್ ಹಾಕಿದಾಗ ಎಲ್ಲವೂ ಚೂರು ಚೂರು ಅಲ್ಲಾಡಿದರೆ ಸಾಕು, ಕೆಪಾಸಿಟಿ ಕೂಡುತ್ತಾ ಹೋಗುತ್ತದೆ. ಡಿ33 ಹಾಗಲ್ಲ. ಅದು ತೇರು ಎಳೆದ ಹಾಗೆ. ಸಾವಿರ ಜನ ಇದ್ದೂ ಒಬ್ಬೊಬ್ಬರು ಒಂದೊಂದು ಕಡೆ ಎಳೆದರೆ ತೇರು ಇದ್ದಲ್ಲೇ. ಒತ್ತಿದಾಗ ಒಂದು ಡೊಮೈನ್ ಪ್ಲಸ್ ಕೊಡುತ್ತದೆ, ಪಕ್ಕದ್ದು ಮೈನಸ್ ಕೊಡುತ್ತದೆ, ಮೊತ್ತ ಸೊನ್ನೆ. ನಿನ್ನ ಪೆಲೆಟ್ ಪೋಲ್ ಆಗಿಲ್ಲ, ಅಷ್ಟೇ.

ಈಗ ಹೇಳು. ಎಷ್ಟು ವೋಲ್ಟ್? ಎಣ್ಣೆ ಎಷ್ಟು ಡಿಗ್ರಿ? ವೋಲ್ಟೇಜ್ ಯಾವಾಗ ಆಫ್ ಮಾಡಿದೆ? ಇನ್ನೊಂದು, ಪೆಲೆಟ್ ತಿರುಗಿಸಿ ಇಟ್ಟಾಗ ರೀಡಿಂಗ್ ಮೈನಸ್ ಆಯಿತಾ?

ಸುಮ್ನೆ ಓದುಗ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪೆರೋವ್‌ಸ್ಕೈಟ್ ಅಂದರೆ ಹೊಸ ಸೋಲಾರ್ ಪ್ಯಾನೆಲ್ ಅಲ್ವಾ? ಇಲ್ಲಿ ಯಾಕೆ ಕೆಪಾಸಿಟರ್ ಮಾತು?

ಹಳೇ ಮೇಷ್ಟ್ರು
ಪೆರೋವ್‌ಸ್ಕೈಟ್ ಒಂದು ವಸ್ತುವಿನ ಹೆಸರಲ್ಲ, ಮನೆ ಕಟ್ಟುವ ನಕ್ಷೆಯ ಹೆಸರು. 1839ರಲ್ಲಿ ಗುಸ್ಟಾವ್ ರೋಸ್ ಅವರು ಯೂರಲ್ ಬೆಟ್ಟಗಳಿಂದ ಬಂದ ಕ್ಯಾಲ್ಸಿಯಂ ಟೈಟನೇಟ್ ಖನಿಜಕ್ಕೆ ರಷ್ಯಾದ ಲೆವ್ ಪೆರೋವ್‌ಸ್ಕಿ ಅವರ ಹೆಸರಿಟ್ಟರು. ಆಮೇಲೆ ಅದೇ ನಕ್ಷೆಯ ಎಲ್ಲದಕ್ಕೂ ಆ ಹೆಸರು ಬಂತು. ಸೋಲಾರ್‌ನಲ್ಲಿ ಬಳಸುವುದು ಅಯೊಡೈಡ್, ಬ್ರೋಮೈಡ್ ಜಾತಿಯವು. ಇಲ್ಲಿ ಮಾತಾಡುತ್ತಿರುವುದು ಆಕ್ಸೈಡ್. ನಕ್ಷೆ ಒಂದೇ, ಸಂಸಾರ ಬೇರೆ.

ಬೇರಿಯಂ ಟೈಟನೇಟ್‌ನಲ್ಲಿ ಮೂಲೆಗಳಲ್ಲಿ ಬೇರಿಯಂ, ಮುಖಗಳ ಮಧ್ಯೆ ಆಕ್ಸಿಜನ್, ಒಳಗೆ ನಡುವೆ ಪುಟ್ಟ ಟೈಟಾನಿಯಂ. ಆಕ್ಸಿಜನ್ ಗೂಡು ಅದಕ್ಕೆ ಸ್ವಲ್ಪ ದೊಡ್ಡದೇ. 120 ಡಿಗ್ರಿಗಿಂತ ಮೇಲೆ ಟೈಟಾನಿಯಂ ಸರಾಸರಿಯಲ್ಲಿ ನಡುವೆಯೇ ಇರುತ್ತದೆ. ಅದಕ್ಕಿಂತ ಕೆಳಗೆ ಬಂದರೆ ಒಂದು ಆಕ್ಸಿಜನ್ ಕಡೆ ವಾಲುತ್ತದೆ. ವಾಲಿದ ಕೂಡಲೇ ಆ ಕೋಶ ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್. ಜೊತೆಗೆ ಆ ದಿಕ್ಕಿಗೆ ಕೋಶ ಉದ್ದವೂ ಆಗುತ್ತದೆ: ಒಂದು ಬದಿ 3.99 ಆಂಗ್‌ಸ್ಟ್ರಾಮ್ ಇದ್ದರೆ ವಾಲಿದ ಬದಿ 4.03. ಶೇ. 1ರಷ್ಟು ವ್ಯತ್ಯಾಸ. ಈ ಒಂದು ಪರ್ಸೆಂಟ್‌ನಿಂದಲೇ ನಿಮ್ಮ ಎಕ್ಸ್‌ಆರ್‌ಡಿಯಲ್ಲಿ ಗೆರೆ ಎರಡಾಗಿರುವುದು.

ನಾನು ತರಗತಿಯಲ್ಲಿ ಪಡ್ಡಿನ ಕಾವಲಿ ತೋರಿಸುತ್ತಿದ್ದೆ. ಆರು ಗುಳಿ ಇದೆ ಅಂದುಕೊಳ್ಳಿ: ಮೇಲೆ, ಕೆಳಗೆ, ಎಡ, ಬಲ, ಹಿಂದೆ, ಮುಂದೆ. ಟೈಟಾನಿಯಂ ಯಾವುದೋ ಒಂದು ಗುಳಿಯಲ್ಲಿ ಕೂತಿರುತ್ತದೆ. ಬಿಸಿ ಮಾಡುತ್ತಾ ಹೋದಂತೆ ಗುಳಿಗಳ ಆಳ ಕಡಿಮೆಯಾಗುತ್ತದೆ. 120ರ ಹತ್ತಿರ ಕಾವಲಿ ಹೆಚ್ಚೂಕಡಿಮೆ ತಟ್ಟೆಯಂತಾಗುತ್ತದೆ. ತಟ್ಟೆಯ ಮೇಲಿನ ಗೋಲಿಯನ್ನು ಉರುಳಿಸಲು ಎಷ್ಟು ಬಲ ಬೇಕು? ಸ್ವಲ್ಪ ಓರೆ ಮಾಡಿದರೆ ಸಾಕು. ಡೈಎಲೆಕ್ಟ್ರಿಕ್ ಸ್ಥಿರಾಂಕ ಅಲ್ಲಿ 10,000ದವರೆಗೆ ಜಿಗಿಯುವುದು ಇದಕ್ಕೇ.

ಇದು ಸಿಕ್ಕಿದ ಕಥೆಯೂ ಚೆನ್ನಾಗಿದೆ. ಎರಡನೇ ಮಹಾಯುದ್ಧದ ಸಮಯದಲ್ಲಿ ರೇಡಿಯೋ, ರಾಡಾರ್‌ಗಳ ಕೆಪಾಸಿಟರ್‌ಗೆ ಅಭ್ರಕ ಬೇಕಿತ್ತು, ನಮ್ಮ ಕಡೆ ಕಾಗೆಬಂಗಾರ ಅನ್ನುತ್ತೇವಲ್ಲ ಅದೇ. ಒಳ್ಳೆಯ ಹಾಳೆ ಅಭ್ರಕ ಹೋಗುತ್ತಿದ್ದುದು ಹೆಚ್ಚಾಗಿ ಭಾರತದಿಂದ, ಈಗಿನ ಜಾರ್ಖಂಡ್‌ನ ಕೋಡರ್ಮಾ, ಆಂಧ್ರದ ನೆಲ್ಲೂರು ಕಡೆಯಿಂದ. ಹಡಗಿನ ದಾರಿ ಕಷ್ಟವಾದಾಗ ಬದಲಿ ಹುಡುಕಾಟ ಜೋರಾಯಿತು. ಅಮೆರಿಕದಲ್ಲಿ ವೈನರ್ ಮತ್ತು ಸಾಲೊಮನ್, ಜಪಾನಿನಲ್ಲಿ ಒಗಾವಾ, ಸೋವಿಯತ್ ಒಕ್ಕೂಟದಲ್ಲಿ ವುಲ್ ಮತ್ತು ಗೋಲ್ಡ್‌ಮನ್. ಯುದ್ಧದ ಗೋಡೆಗಳ ಆಚೆ ಈಚೆ ಕೂತು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಎಲ್ಲರೂ ಬೇರಿಯಂ ಟೈಟನೇಟ್‌ಗೇ ಬಂದು ನಿಂತರು. ಅಲ್ಲಿಯವರೆಗೆ ಟೈಟಾನಿಯಂ ಡೈಆಕ್ಸೈಡ್ ಕೊಡುತ್ತಿದ್ದ 100ರ ಸುತ್ತಿನ ಸ್ಥಿರಾಂಕವೇ ದೊಡ್ಡದಾಗಿತ್ತು. ಇದು ಸಾವಿರ ದಾಟಿತು.

ಬಿಳಿ ಪೆಲೆಟ್
ಮೇಷ್ಟ್ರೇ, ಪಡ್ಡಿನ ಕಾವಲಿ ನನ್ನ ನೋಟ್‌ಬುಕ್‌ಗೆ ಹೋಯಿತು!

ಕುಲುಮೆ ಸರ್, ಉತ್ತರಗಳು ಇಲ್ಲಿವೆ. 2.4 ಕಿಲೋವೋಲ್ಟ್, ಅಂದರೆ ಮಿಲಿಮೀಟರ್‌ಗೆ 2. ಎಣ್ಣೆ 130 ಡಿಗ್ರಿ. ಅರ್ಧ ಗಂಟೆ. ಲ್ಯಾಬಿನ ಹಳೆ ಪುಸ್ತಕದಲ್ಲಿ ಹಾಗೇ ಬರೆದಿತ್ತು. ಅರ್ಧ ಗಂಟೆ ಆದ ಮೇಲೆ ಮೊದಲು ವೋಲ್ಟೇಜ್ ಆಫ್ ಮಾಡಿದೆ, ಆಮೇಲೆ ಹೀಟರ್. ಎಣ್ಣೆ ತಣ್ಣಗಾಗುವಾಗ ಶಾಕ್ ಹೊಡೆದರೆ ಅಂತ ಭಯ. ಪೆಲೆಟ್ ತಿರುಗಿಸಿದರೆ ಒಮ್ಮೆ 2, ಒಮ್ಮೆ ಮೈನಸ್ 1. ಏನೂ ಲೆಕ್ಕಕ್ಕೆ ಬರಲ್ಲ.

ಕುಲುಮೆ ಕಾವಲು
ಸಿಕ್ಕಿತು ಕಳ್ಳ!

ಆ ಹಳೆ ಪುಸ್ತಕ ಬರೆದವರು ಪಿಜೆಡ್‌ಟಿ (ಲೆಡ್ ಜಿರ್ಕೊನೇಟ್ ಟೈಟನೇಟ್, ಸೀಸ ಇರುವ ಪೀಜೋ ಸೆರಾಮಿಕ್) ಮಾಡುತ್ತಿದ್ದರು, ಬೇಕಾದರೆ ಹಿಂದಿನ ಪುಟ ನೋಡು. ಪಿಜೆಡ್‌ಟಿಯ ಕ್ಯೂರಿ ತಾಪಮಾನ, ಅಂದರೆ ಮೇಷ್ಟ್ರು ಹೇಳಿದ ಗುಳಿಗಳು ಮಾಯವಾಗುವ ತಾಪಮಾನ, ಸಾಮಾನ್ಯವಾಗಿ 300ರ ಆಸುಪಾಸು ಅಥವಾ ಅದಕ್ಕೂ ಮೇಲೆ. 130 ಡಿಗ್ರಿ ಅದಕ್ಕೆ ಬೆಚ್ಚನೆಯ ಸ್ನಾನ ಇದ್ದಂತೆ. ಬೇರಿಯಂ ಟೈಟನೇಟ್‌ಗೆ 130 ಅಂದರೆ ಮನೆಯೇ ಬಿದ್ದುಹೋದಂತೆ. ಗುಳಿಯೇ ಇಲ್ಲದ ಕಾವಲಿಯ ಮೇಲೆ ನೀನು ಗೋಲಿಗಳನ್ನು ಒಂದು ಕಡೆ ತಳ್ಳಿದೆ, ಅವು ಹೋದವು. ಆಮೇಲೆ ಕೈ ಬಿಟ್ಟೆ, ಅವು ವಾಪಸ್ ಬಂದವು. ತಣ್ಣಗಾಗಿ ಗುಳಿ ಮೂಡುವ ಹೊತ್ತಿಗೆ ತಳ್ಳುವವರು ಯಾರೂ ಇರಲಿಲ್ಲ, ಅದಕ್ಕೆ ಎಲ್ಲವೂ ಸಿಕ್ಕ ಸಿಕ್ಕ ಗುಳಿಗೆ ಬಿದ್ದವು.

ಈಗ ಹೀಗೆ ಮಾಡು. ಎಣ್ಣೆ 90ಕ್ಕೆ ಸಾಕು. ಅದೇ 2.4 ಕಿಲೋವೋಲ್ಟ್ ಹಾಕು. 20 ನಿಮಿಷ ಬಿಡು. ಹೀಟರ್ ಆಫ್ ಮಾಡು. ವೋಲ್ಟೇಜ್ ಮುಟ್ಟಬೇಡ. ಎಣ್ಣೆ 40ಕ್ಕೆ ಇಳಿದ ಮೇಲೆ ವೋಲ್ಟೇಜ್ ಇಳಿಸು. ಶಾಕ್ ಭಯ ಇರಲಿ, ಅದು ಒಳ್ಳೆಯದೇ. ಆಫ್ ಮಾಡಿದ ಮೇಲೂ ಅರ್ಥಿಂಗ್ ಕೋಲು ಮುಟ್ಟಿಸದೆ ಕೈ ಹಾಕಬಾರದು. ಪೆಲೆಟ್ ತೆಗೆದು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಒಂದು ರಾತ್ರಿ ಇಡು, ಮೇಲಿನ ಬಿಡಿ ಚಾರ್ಜ್ ಇಳಿಯಲಿ. ಪೋಲ್ ಆದ ಪೆಲೆಟ್ ಬಿಸಿ ಮಾಡಿದರೂ ಚಾರ್ಜ್ ಹುಟ್ಟುತ್ತದೆ, ಅದೂ ನೆನಪಿರಲಿ.

ಹಾಂ, ಬೇರಿಯಂ ಕಾರ್ಬೊನೇಟ್ ಅರೆಯುವಾಗ ಮಾಸ್ಕ್ ಹಾಕಿದ್ದೀಯಾ? ಅದನ್ನು ಒಂದು ಕಾಲದಲ್ಲಿ ಇಲಿ ಕೊಲ್ಲಲು ಬಳಸುತ್ತಿದ್ದರು.

ಸಾಲ್ಡರ್ ಹೊಗೆ
ನನ್ನ ಪೇಸ್ಟ್ ವಾದ ಬಿತ್ತು, ಒಪ್ಪಿದೆ. ಆದರೆ ಮೇಷ್ಟ್ರ ಕಾವಲಿ ನೋಡಿ ನನ್ನದೊಂದು ಹಳೆ ಗಾಯ ನೆನಪಾಯಿತು.

ಪವರ್ ಸಪ್ಲೈ ಬೋರ್ಡ್ ಒಂದು ಮಾಡುತ್ತಿದ್ದೆ. ಔಟ್‌ಪುಟ್ 12 ವೋಲ್ಟ್. 10 ಮೈಕ್ರೋಫ್ಯಾರಡ್‌ನ ಚಿಕ್ಕ ಸೆರಾಮಿಕ್ ಕೆಪಾಸಿಟರ್, 16 ವೋಲ್ಟ್ ತಡೆಯುವಂಥದ್ದು, ಎಕ್ಸ್7ಆರ್. ಎಲ್ಲ ಸರಿ ಅಂತ ಬೋರ್ಡ್ ಮಾಡಿಸಿದೆ. ಆನ್ ಮಾಡಿದರೆ ರಿಪಲ್ ಕುಣಿಯುತ್ತಿದೆ. ಎರಡು ದಿನ ಕಾಯಿಲ್ ಬದಲಾಯಿಸಿದೆ, ಐಸಿ ಬದಲಾಯಿಸಿದೆ, ಮನೆಯಲ್ಲಿ ಬೈಸಿಕೊಂಡೆ. ಕೊನೆಗೆ ಕೆಪಾಸಿಟರ್ ಬಿಚ್ಚಿ, ಡಿಸಿ 12 ವೋಲ್ಟ್ ಹಾಕಿಯೇ ಅಳೆದರೆ 4 ಮೈಕ್ರೋಫ್ಯಾರಡ್ ಚಿಲ್ಲರೆ! ಡಿಸಿ ತೆಗೆದರೆ ಮತ್ತೆ ಹತ್ತು.

ಆಗ ತಿಳಿಯಿತು, ಒಳಗೆ ಇರುವುದು ಬೇರಿಯಂ ಟೈಟನೇಟ್ ಅಂತ. ಡಿಸಿ ಹಾಕಿದರೆ ಡೊಮೈನ್ ಎಲ್ಲ ಒಂದು ಕಡೆ ಬಿಗಿದು ಕೂರುತ್ತವೆ, ಅಲ್ಲಾಡುವ ಜಾಗ ಕಡಿಮೆ, ಕೆಪಾಸಿಟಿ ಇಳಿಯುತ್ತದೆ. ಎಕ್ಸ್7ಆರ್ ಅಂದರೆ ಮೈನಸ್ 55ರಿಂದ 125 ಡಿಗ್ರಿವರೆಗೆ ಶೇ. 15ರೊಳಗೆ ಏರುಪೇರು ಅಂತ ಮಾತ್ರ ಭರವಸೆ. ಡಿಸಿ ಬಗ್ಗೆ ಆ ಮೂರಕ್ಷರ ಒಂದು ಮಾತೂ ಹೇಳಲ್ಲ. ಸಿ0ಜಿ ಜಾತಿಯಲ್ಲಿ ಈ ಕಾಟ ಇಲ್ಲ, ಯಾಕೆಂದರೆ ಅದು ಫೆರೋಎಲೆಕ್ಟ್ರಿಕ್ (ಹೀಗೆ ತಾನಾಗಿಯೇ ಧ್ರುವ ಹಿಡಿದು ಫೀಲ್ಡ್‌ಗೆ ತಿರುಗುವ ಜಾತಿ) ಅಲ್ಲ. ಆದರೆ ಅಷ್ಟು ಚಿಕ್ಕ ಡಬ್ಬಿಯಲ್ಲಿ 10 ಮೈಕ್ರೋಫ್ಯಾರಡ್ ಅದರಿಂದ ಆಗಲ್ಲ.

ರಾತ್ರಿ ನಿಶ್ಶಬ್ದದಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಕೀಂ ಅನ್ನುವುದು ಕೇಳಿದ್ದೀರಾ? ಎಷ್ಟೋ ಸಲ ಹಾಗೆ ಹಾಡುವುದು ಇದೇ ಕೆಪಾಸಿಟರ್. ಫೀಲ್ಡ್‌ಗೆ ತಕ್ಕಂತೆ ಉಬ್ಬಿ ಕುಗ್ಗಿ ಬೋರ್ಡನ್ನೇ ನಡುಗಿಸುತ್ತದೆ.

ಹಳೇ ಮೇಷ್ಟ್ರು
ಚೂರು ಬೇರೆ ಮಾತು. ಸೊಳ್ಳೆ ಓಡಿಸುವ ಮಷಿನ್‌ನೊಳಗಿನ ಬಿಲ್ಲೆಯೂ ಬೇರಿಯಂ ಟೈಟನೇಟ್ ಸಂತಾನವೇ. ಸ್ವಲ್ಪ ಕಲಬೆರಕೆ ಮಾಡಿ ವಿದ್ಯುತ್ ಹರಿಯುವಂತೆ ಮಾಡಿರುತ್ತಾರೆ. ಕ್ಯೂರಿ ತಾಪಮಾನ ದಾಟಿದ ಕೂಡಲೇ ಅದರ ರೆಸಿಸ್ಟೆನ್ಸ್ ಸಾವಿರಾರು ಪಟ್ಟು ಏರುತ್ತದೆ, ತಾನೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಥರ್ಮೋಸ್ಟಾಟ್ ಬೇಡವೇ ಬೇಡ.

ತಂತಿ ಮೀಟು
ನಾನು ವೀಣೆ ಕಚೇರಿಗಳಿಗೆ ಸೌಂಡ್ ಮಾಡುತ್ತೇನೆ. ಇಲ್ಲಿ ಪೀಜೋ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಹಿತ್ತಾಳೆ ಬಿಲ್ಲೆಯ ಮೇಲೆ ಬಿಳಿ ಪದರ ಇರುವ ಪಿಕಪ್, 27 ಮಿಮೀ. ಕೊಡದ ಮೇಲೆ ಅಂಟಿಸಿ ನೇರ ಮಿಕ್ಸರ್‌ಗೆ ಕೊಟ್ಟರೆ ಮಂದ್ರ ಸ್ಥಾಯಿ ಸತ್ತೇ ಹೋಗುತ್ತದೆ. ತಗಡು ಡಬ್ಬ ಬಡಿದ ಹಾಗೆ. ಬಿಲ್ಲೆ ಕಳಪೆಯಾ?

ಸಾಲ್ಡರ್ ಹೊಗೆ
ಬಿಲ್ಲೆ ಪಾಪ, ಏನೂ ತಪ್ಪು ಮಾಡಿಲ್ಲ. ಆ 27 ಮಿಮೀ ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡ್ ಇರುತ್ತದೆ. ಮಿಕ್ಸರ್ ಲೈನ್ ಇನ್‌ಪುಟ್ 10 ಕಿಲೋಓಮ್ ಅಂದುಕೊಳ್ಳಿ. ಎರಡೂ ಸೇರಿದರೆ 800 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. ಬಿಲ್ಲೆ ಹುಟ್ಟಿಸಿದ ಚಾರ್ಜ್ ನಿಧಾನ ಸ್ವರ ಮುಗಿಯುವ ಮೊದಲೇ ಮಿಕ್ಸರ್ ಮೂಲಕ ಹರಿದು ಖಾಲಿ. ನಡುವೆ 1 ಮೆಗಾಓಮ್ ಇನ್‌ಪುಟ್‌ನ ಚಿಕ್ಕ ಪ್ರೀಆಂಪ್ ಇಡಿ. ಆಗ ಆ ಗಡಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಬಿಲ್ಲೆಗೂ ಪ್ರೀಆಂಪ್‌ಗೂ ನಡುವೆ ವೈರ್ ಗಿಡ್ಡ ಇರಲಿ.

ನೋಡಿ, ಇಲ್ಲೂ ಡೈಎಲೆಕ್ಟ್ರಿಕ್ ಸ್ಥಿರಾಂಕವೇ ಕೆಲಸ ಮಾಡುತ್ತಿದೆ. ಅದೇ ಅಳತೆಯ ಕ್ವಾರ್ಟ್ಸ್ ಬಿಲ್ಲೆ ಆಗಿದ್ದರೆ, ಸ್ಥಿರಾಂಕ ನಾಲ್ಕೂವರೆ ಅಷ್ಟೇ, 1 ಮೆಗಾಓಮ್ ಕೂಡ ಸಾಲುತ್ತಿರಲಿಲ್ಲ.

ತಂತಿ ಮೀಟು
ಅಯ್ಯೋ, ಈ ಎಂಟು ವರ್ಷ ಈಕ್ವಲೈಜರ್ ತಿರುಗಿಸಿದ್ದೇ ಬಂತು. ನಾಳೆಯೇ ಮಾಡುತ್ತೇನೆ.

ಕಡಲ ತಡಿ
ಮಾರಾಯ್ರೆ, ಒಂದು ಸಂಶಯ. ಪಿಜೆಡ್‌ಟಿಯಲ್ಲಿ 5ಎಚ್ ಅಂತ ಒಂದು ಉಂಟು, ಡಿ33 ಸುಮಾರು 590. ಇನ್ನೊಂದು 8 ಅಂತ, ಬರೀ 225. ಹಾಗಿದ್ದ ಮೇಲೆ ಎಲ್ಲರೂ 590ರದ್ದೇ ತೆಗೆದುಕೊಂಡರೆ ಆಯ್ತಲ್ಲ? ಕಡಿಮೆಯದ್ದು ಯಾರು ಕೊಳ್ಳುತ್ತಾರೆ? ಮತ್ತೆ, ಇಷ್ಟೆಲ್ಲ ಸೀಸ ಹಾಕುವುದು ಇನ್ನೂ ಯಾಕೆ?

ಕುಲುಮೆ ಕಾವಲು
ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇದೆ. ದೊಡ್ಡ ಸಂಖ್ಯೆ ಬರುವುದು ವಸ್ತು ಗಟ್ಟಿಯಾಗಿರುವುದರಿಂದ ಅಲ್ಲ, ಸಡಿಲವಾಗಿರುವುದರಿಂದ. ಆ ಸಡಿಲಕ್ಕೆ ಬಾಡಿಗೆ ಕಟ್ಟಲೇಬೇಕು.

5ಎಚ್‌ಗೆ ಡಿ33 ಜಾಸ್ತಿ, ಸ್ಥಿರಾಂಕವೂ 3400. ಆದರೆ ಕ್ಯೂರಿ ತಾಪಮಾನ 193ಕ್ಕೆ ಇಳಿದಿದೆ, ಲಾಸ್ 0.02. 8ರದ್ದು ಸ್ಥಿರಾಂಕ 1000, ಕ್ಯೂರಿ 300, ಲಾಸ್ 0.004. ಅಲ್ಟ್ರಾಸಾನಿಕ್ ಕ್ಲೀನರ್‌ಗೋ ಪ್ಲಾಸ್ಟಿಕ್ ವೆಲ್ಡಿಂಗ್‌ಗೋ 5ಎಚ್ ಹಾಕಿ ಜೋರಾಗಿ ನಡೆಸಿ ನೋಡಿ, ತನ್ನ ಲಾಸ್‌ನಲ್ಲಿ ತಾನೇ ಬಿಸಿಯಾಗಿ ಪೋಲಿಂಗ್ ಕಳೆದುಕೊಳ್ಳುತ್ತದೆ. ಅಲ್ಲಿಗೆ ಗಟ್ಟಿ ಜಾತಿಯೇ ಬೇಕು. ಕಿವಿಗೊಟ್ಟು ಕೇಳುವ ಕೆಲಸಕ್ಕೆ, ಅಂದರೆ ಸೆನ್ಸರ್‌ಗೆ, ಮೆತ್ತನೆಯದು. ವ್ಯತ್ಯಾಸ ಮಾಡುವುದು ಚಿಟಿಕೆ ಕಲಬೆರಕೆ. ನಯೋಬಿಯಂ ಹಾಕಿದರೆ ಡೊಮೈನ್ ಗೋಡೆಗಳು ಸಲೀಸಾಗಿ ಸರಿಯುತ್ತವೆ. ಕಬ್ಬಿಣ ಹಾಕಿದರೆ ಆಕ್ಸಿಜನ್ ಜಾಗಗಳು ಖಾಲಿಯಾಗಿ ಗೋಡೆಗಳಿಗೆ ಮೊಳೆ ಹೊಡೆದಂತಾಗುತ್ತದೆ.

ಸೀಸದ ವಿಚಾರ. ಪಿಜೆಡ್‌ಟಿಯ ಮೂಲ ಕೆಲಸ ಜಪಾನಿನಲ್ಲಿ ಶಿರಾನೆ, ಸಾವಾಗುಚಿ ಅವರ ಗುಂಪಿನದ್ದು. 1954ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನ ಜಾಫಿ ಮತ್ತು ಜೊತೆಗಾರರು ಪೀಜೋ ಗುಣ ಎಲ್ಲಿ ಉತ್ತುಂಗಕ್ಕೇರುತ್ತದೆ ಅಂತ ತೋರಿಸಿದರು. ಜಿರ್ಕೋನಿಯಂ 52, ಟೈಟಾನಿಯಂ 48ರ ಹತ್ತಿರ. ಅಲ್ಲಿ ಎರಡು ರೂಪ ಗಡಿ ಹಂಚಿಕೊಳ್ಳುತ್ತವೆ. ಒಂದರಲ್ಲಿ ಆರು ದಿಕ್ಕು, ಇನ್ನೊಂದರಲ್ಲಿ ಎಂಟು. ಮೇಷ್ಟ್ರ ಕಾವಲಿಯಲ್ಲಿ 14 ಗುಳಿ, ನಡುವೆ ಗೋಡೆ ಬಹಳ ತಗ್ಗು. ಚೆಂದ ಏನಂದರೆ ಬಿಸಿ ಮಾಡಿದರೂ ಆ ಗಡಿ ಹೆಚ್ಚು ಸರಿಯಲ್ಲ. ಸಡಿಲವೂ ಬೇಕು, ತಾಪಮಾನಕ್ಕೆ ಜಗ್ಗಲೂಬಾರದು ಅಂದರೆ ಇಂಥದ್ದು ಇನ್ನೊಂದು ಸಿಕ್ಕುವುದು ಕಷ್ಟ. ಅದಕ್ಕೇ ಯೂರೋಪಿನ ಸೀಸ ನಿರ್ಬಂಧದಲ್ಲೂ ಎಲೆಕ್ಟ್ರಾನಿಕ್ ಸೆರಾಮಿಕ್‌ಗೆ ವಿನಾಯಿತಿ ಕೊಟ್ಟಿದ್ದಾರೆ.

ಮಾಡುವವರ ಪಾಡು ಬೇರೆ. ಸೀಸದ ಆಕ್ಸೈಡ್ 888 ಡಿಗ್ರಿಗೇ ಕರಗುತ್ತದೆ, ನಾವು ಸುಡುವುದು 1200ರ ಮೇಲೆ. ಮುಚ್ಚಿದ ಕ್ರೂಸಿಬಲ್‌ನಲ್ಲಿ ಸುತ್ತಲೂ ಲೆಡ್ ಜಿರ್ಕೊನೇಟ್ ಪುಡಿ ತುಂಬಿ, ಮುಚ್ಚಳ ಮೆತ್ತಿ ಸುಟ್ಟರೂ ಒಂದಿಷ್ಟು ಹಾರುತ್ತದೆ. ನಾನು ಈ ಕೆಲಸದಲ್ಲಿದ್ದಾಗ ಕುಲುಮೆಯ ಒಳಗೋಡೆ ಹಳದಿ ಬಣ್ಣಕ್ಕೆ ತಿರುಗಿತ್ತು. ರಕ್ತ ಪರೀಕ್ಷೆ ಮಾಡಿಸಿ ಅಂತ ಎರಡು ವರ್ಷ ಕೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಕೊನೆಗೆ ನಾನೇ ದುಡ್ಡು ಕೊಟ್ಟು ಮಾಡಿಸಿಕೊಂಡೆ.

ಸೀಸವಿಲ್ಲದ್ದು ಇಲ್ಲವೆಂದಲ್ಲ. 2004ರಲ್ಲಿ ಜಪಾನಿನ ಸೈಟೊ ಅವರ ಗುಂಪು ಪೊಟಾಸಿಯಂ ಸೋಡಿಯಂ ನಯೋಬೇಟ್ ಜಾತಿಯಲ್ಲಿ, ಕಣಗಳನ್ನು ಒಂದೇ ದಿಕ್ಕಿಗೆ ಜೋಡಿಸಿ 416 ತೋರಿಸಿತು. ಮಾಮೂಲಿ ಪೆಲೆಟ್‌ನಲ್ಲಿ ಅಷ್ಟು ಬರಲ್ಲ, ಪುಡಿ ತೇವ ಹೀರುತ್ತದೆ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನವರು (ಐಐಎಸ್‌ಸಿ) 2018ರಲ್ಲಿ ಬಿಸ್ಮತ್ ಫೆರೈಟ್, ಲೆಡ್ ಟೈಟನೇಟ್ ಬೆರಕೆಯ ಸೆರಾಮಿಕ್‌ನಲ್ಲಿ ಶೇ. 1ಕ್ಕೂ ಮೀರಿದ ಹಿಗ್ಗುವಿಕೆ ತೋರಿಸಿದರು. ಅದರಲ್ಲಿ ಸೀಸ ಇದೆ, ಹಿಗ್ಗಿಸಲು ಬಲವಾದ ಫೀಲ್ಡೂ ಬೇಕು. ಹಾಗಾಗಿ ಅದನ್ನು ಡಿ33 ಪಟ್ಟಿಯ ಪಕ್ಕ ಇಟ್ಟು ಹೋಲಿಸಬೇಡಿ. ಇನ್ನೊಂದು ಎಚ್ಚರಿಕೆ: ಪೆಲೆಟ್ ತೀರಾ ತೆಳುವಾದರೆ ಹಪ್ಪಳದಂತೆ ಬಾಗುತ್ತದೆ. ಅಳೆಯುವ ಮುಳ್ಳು ಆ ಬಾಗನ್ನೂ ಹಿಗ್ಗು ಅಂತ ಓದುತ್ತದೆ. ದಾಖಲೆ ಮುರಿಯಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ದಪ್ಪ ಕೇಳುತ್ತೇನೆ.

ಬಿಳಿ ಪೆಲೆಟ್
ಬಂತು!!! 138!

90 ಡಿಗ್ರಿ, 20 ನಿಮಿಷ, ಫೀಲ್ಡ್ ಇಟ್ಟೇ ತಣ್ಣಗೆ ಮಾಡಿದೆ. ತಿರುಗಿಸಿ ಇಟ್ಟರೆ ಮೈನಸ್ 136. ಮೀಟರ್ ಮುಂದೆ ಐದು ಸಲ ತಿರುಗಿಸಿದೆ, ನಂಬಿಕೆ ಬರಲಿಲ್ಲ. ಹಳೆ ಪುಸ್ತಕದ ಹಿಂದಿನ ಪುಟವನ್ನೂ ನೋಡಿದೆ, ಪೆನ್ಸಿಲ್‌ನಲ್ಲಿ ಪಿಜೆಡ್‌ಟಿ ಅಂತಲೇ ಇತ್ತು.

ಆದರೆ ಇವತ್ತು, ಅಂದರೆ ಮೂರು ದಿನ ಆದ ಮೇಲೆ, 131. ಕೆಟ್ಟುಹೋಗುತ್ತಿದೆಯಾ? ಮತ್ತೆ 190 ಯಾಕೆ ಬರಲಿಲ್ಲ?

ಕುಲುಮೆ ಕಾವಲು
ಶಭಾಷ್. ಇಳಿಯುವುದು ಸಹಜ, ಏಜಿಂಗ್ ಅನ್ನುತ್ತಾರೆ. ಒಂದು ಗಂಟೆಯಿಂದ ಹತ್ತು ಗಂಟೆಗೆ ಎಷ್ಟು ಇಳಿಯಿತೋ, ಹತ್ತರಿಂದ ನೂರಕ್ಕೂ ಹೆಚ್ಚೂಕಡಿಮೆ ಅಷ್ಟೇ ಇಳಿಯುತ್ತದೆ. ಅದಕ್ಕೇ ಪೋಲಿಂಗ್ ಆದ 24 ಗಂಟೆಗೆ ಅಳೆದೆ ಅಂತ ಥೀಸಿಸ್‌ನಲ್ಲಿ ಸಮಯ ಬರೆಯಬೇಕು. ಶೇ. 93 ಸಾಂದ್ರತೆಗೆ 138 ಒಳ್ಳೆಯದೇ. ಮುಂದಿನ ಸಲ ಬಾಲ್ ಮಿಲ್ ಮಾಡು, ಕೈಯಲ್ಲಿ ಅರೆದಿದ್ದು ಸಾಕು.

ಹಳೇ ಮೇಷ್ಟ್ರು
190ರ ಬಗ್ಗೆ ಒಂದು ಸ್ವಾರಸ್ಯ. ಬೇರಿಯಂ ಟೈಟನೇಟ್‌ನ ಒಂದೇ ಡೊಮೈನ್ ಇರುವ ಶುದ್ಧ ಹರಳು ತೆಗೆದುಕೊಳ್ಳಿ. ಅದರ ಡಿ33 ಎಷ್ಟಿರಬಹುದು? ಸೆರಾಮಿಕ್‌ಗಿಂತ ಜಾಸ್ತಿ ಅಂತ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಹೇಳುತ್ತಿದ್ದರು. ಬರೀ 86!

ಲೆಕ್ಕ ಕೈಯಲ್ಲೇ ಹಾಕಬಹುದು. ಎಲೆಕ್ಟ್ರೋಸ್ಟ್ರಿಕ್ಷನ್ ಗುಣಾಂಕ (ಧ್ರುವೀಕರಣಕ್ಕೆ ಹರಳು ಎಷ್ಟು ಹಿಗ್ಗುತ್ತದೆ ಅನ್ನುವುದು) 0.11, ಧ್ರುವೀಕರಣ ಚದರ ಮೀಟರ್‌ಗೆ 0.26 ಕೂಲಂಬ್, ಆ ದಿಕ್ಕಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 168. ಮೂರನ್ನೂ ಗುಣಿಸಿ, ನಿರ್ವಾತದ ಸ್ಥಿರಾಂಕ ಮೀಟರ್‌ಗೆ 8.85 ಪಿಕೋಫ್ಯಾರಡ್‌ನಿಂದ ಗುಣಿಸಿ, ಎರಡು ಪಟ್ಟು ಮಾಡಿ. 85 ಬರುತ್ತದೆ. ಪೀಜೋ ಅನ್ನುವುದು ಡೈಎಲೆಕ್ಟ್ರಿಕ್‌ನ ಮಗು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರಲ್ಲ.

ಅದೇ ಹರಳಿನಲ್ಲಿ ಅಡ್ಡ ದಿಕ್ಕಿನ ಸ್ಥಿರಾಂಕ 2900. ವಾಲಿದ ಟೈಟಾನಿಯಂ ಆ ಕಡೆಗೆ ಇನ್ನಷ್ಟು ಚಾಚಲು ಒಪ್ಪಲ್ಲ, ಆದರೆ ಪಕ್ಕಕ್ಕೆ ಹೊರಳಲು ತುದಿಗಾಲಲ್ಲಿ ನಿಂತಿರುತ್ತದೆ. ಸೆರಾಮಿಕ್‌ನಲ್ಲಿ ಕಣಗಳು ಓರೆಯಾಗಿರುವುದರಿಂದ ಆ ಹೊರಳಾಟವೂ, ಡೊಮೈನ್ ಗೋಡೆಗಳ ಸರಿದಾಟವೂ ಸೇರಿ 190 ಆಗುತ್ತದೆ. ಇಲ್ಲಿ ಓರೆಕೋರೆಯಾಗಿರುವುದೇ ಲಾಭ.

ಯಾಕೆ ಹೊರಳಲು ಅಷ್ಟು ಆತುರ ಅಂದರೆ, 5 ಡಿಗ್ರಿ ಹತ್ತಿರ ಇನ್ನೊಂದು ರೂಪಾಂತರ ಕಾದಿದೆ. ಅಲ್ಲಿ ದಿಕ್ಕೇ ಬದಲಾಗುತ್ತದೆ. ಅಮ್ಮಾ, ನಿಮ್ಮ ಲ್ಯಾಬಿನಲ್ಲಿ ತಂಪು ಮಾಡುವ ಯಂತ್ರ ಇದೆಯೇ?

ಬಿಳಿ ಪೆಲೆಟ್
ಇಲ್ಲ ಮೇಷ್ಟ್ರೇ. ಬಿಸಿ ಮಾಡುವುದು ಮಾತ್ರ ಇದೆ.

ಸಾಲ್ಡರ್ ಹೊಗೆ
ಫ್ರಿಜ್ ಇದೆಯಲ್ಲ! ಪೆಲೆಟ್‌ಗೆ ತೆಳು ವೈರ್ ಹಚ್ಚಿ, ಥರ್ಮೋಕಪಲ್ ಪಕ್ಕದಲ್ಲೇ ಕಟ್ಟಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಚಿಕ್ಕ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ. ತೇವ ಕೂತರೆ ರೀಡಿಂಗ್ ಸುಳ್ಳಾಗುತ್ತದೆ, ಅಂಚಿಗೆ ನೇಲ್ ಪಾಲಿಶ್ ಬಳಿಯಿರಿ. ಆಮೇಲೆ ಹೊರಗೆ ತೆಗೆದು, ನಿಧಾನಕ್ಕೆ ಬೆಚ್ಚಗಾಗುವಾಗ ಓದುತ್ತಾ ಹೋಗಿ.

ಬಿಳಿ ಪೆಲೆಟ್
ಮಾಡಿದೆ. ಹಾಸ್ಟೆಲ್ ಫ್ರಿಜ್ ಆಗಲ್ಲ ಅಂದರು, ಲ್ಯಾಬಿನ ಕೆಮಿಕಲ್ ಫ್ರಿಜ್ ಸಿಕ್ಕಿತು. ಡಬ್ಬಿ ತೆಗೆದಾಗ ಮೈನಸ್ 9. ಪ್ರತಿ ಡಿಗ್ರಿಗೂ ಕೆಪಾಸಿಟಿ ಬರೆದುಕೊಂಡೆ. ಮೈನಸ್‌ನಲ್ಲಿ 900ರ ಆಚೀಚೆ ಇದ್ದದ್ದು 4 ಡಿಗ್ರಿಯಿಂದ ಏರತೊಡಗಿತು. 9 ಡಿಗ್ರಿಗೆ 1140 ಮುಟ್ಟಿ, ಆಮೇಲೆ ಇಳಿಯುತ್ತಾ ಬಂತು. ಇಳಿಸುವಾಗ 5, ಏರಿಸುವಾಗ 9 ಅಂದರೆ ಇದು ಹಿಸ್ಟರಿಸಿಸ್ ತಾನೇ? ಗ್ರಾಫ್ ಹಾಳೆಯಲ್ಲಿ ಕೈಯಲ್ಲೇ ಹಾಕಿದ ಗುಡ್ಡ ಗೈಡ್ ಮೇಜಿನ ಮೇಲಿದೆ. ಈ ಸಲ ಅವರು ಎದ್ದು ಹೋಗಲಿಲ್ಲ, ಕನ್ನಡಕ ಹಾಕಿಕೊಂಡರು.

ಹಳೇ ಮೇಷ್ಟ್ರು
ಹಿಸ್ಟರಿಸಿಸ್ಸೇ. ಇಳಿಸುವಾಗಲೂ ಒಮ್ಮೆ ಅಳೆದು ಎರಡೂ ಗುಡ್ಡವನ್ನು ಒಂದೇ ಹಾಳೆಯಲ್ಲಿ ಹಾಕಿ.